ಉಪಾಧ್ಯಾಯ ಮೋಗ್ಲಿಂಗರು

ನಮ್ಮ ಮಾನಂದವಾಡಿಯಿಂದ ತೋಲ್ಪೆಟ್ಟಿಯ ಕಾಡುದಾರಿಯನ್ನು ಹಿಡಿದು ಉತ್ತರಕ್ಕೆ ಹೊರಟವರು ಕುಟ್ಟದ ಬಳಿಯಲ್ಲಿ ಕೊಡಗಿನ ಸೀಮೆಯನ್ನು ಪ್ರವೇಶಿಸುತ್ತಾರೆ. ಅಲ್ಲಿಂದ ಮುಂದೆ ಅಮ್ಮತ್ತಿ, ಸಿದ್ದಾಪುರಗಳ ಕಡೆಗೆ ಹೋದರೆ ಕಾಫಿಯ ತೋಟಗಳ ನಡುವೆ ಆನಂದಪುರವೆಂಬ ಒಂದು ಚಿಕ್ಕ ಊರಿದೆ. ಬಂಧುಗಳ ಮನೆಗೆಂದೋ, ತೋಟದ ಕೆಲಸಕ್ಕೆಂದೋ, ಹಬ್ಬಹುಣ್ಣಿಮೆಗೆಂದೋ ಆ ದಾರಿಯಲ್ಲಿ ಓಡಾಡುವ ನಮ್ಮವರಲ್ಲಿ ಎಷ್ಟೋ ಮಂದಿ ಆ ಊರಿನ ಹೆಸರನ್ನು ಕೇಳಿರಬಹುದು. ಆದರೆ ಅದನ್ನು ನೆಲೆಗೊಳಿಸಿದವರು ದೂರದ ಜರ್ಮನ್ ದೇಶದಲ್ಲಿ ಹುಟ್ಟಿ, ಕನ್ನಡವನ್ನು ಕಲಿತು, ಕನ್ನಡದಲ್ಲಿ ಪಾಠ ಹೇಳಿ, ಕನ್ನಡದ ಮೊಟ್ಟಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದ ಒಬ್ಬ ಉಪಾಧ್ಯಾಯರೆಂಬ ಸಂಗತಿ ಅನೇಕರಿಗೆ ತಿಳಿದಿರಲಾರದು. ಆ ಮಹನೀಯರ ಹೆಸರು ಹೆರ್ಮನ್ ಫ್ರೀಡ್ರಿಖ್ ಮೋಗ್ಲಿಂಗ್. ಗಡಿನಾಡಿನಲ್ಲಿದ್ದು ಕನ್ನಡವನ್ನು ಉಳಿಸಿಕೊಳ್ಳಲು ಹೆಣಗುತ್ತಿರುವ ನಾವು ಈ ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಅವರನ್ನು ನೆನೆಯುವುದು ಉಚಿತವೇ ಆಗಿದೆ.

ಮೋಗ್ಲಿಂಗರು ಹುಟ್ಟಿದ್ದು ೧೮೧೧ನೆಯ ಇಸವಿಯಲ್ಲಿ, ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ. ಆ ಸೀಮೆಯ ವಿಷಯವಾಗಿ ಒಂದು ಮಾತನ್ನು ಹೇಳಬೇಕು. ಹುಡುಗರೂ ಹುಡುಗಿಯರೂ ಕಡ್ಡಾಯವಾಗಿ ಶಾಲೆಗೆ ಹೋಗಬೇಕೆಂಬ ಕಟ್ಟಳೆ ಅಲ್ಲಿ ೧೬೪೯ರಷ್ಟು ಹಿಂದೆಯೇ ಜಾರಿಗೆ ಬಂದಿತ್ತು. ಅದಕ್ಕೂ ಒಂದು ಶತಮಾನಕ್ಕೆ ಮೊದಲು, ೧೫೨೪ರಲ್ಲಿ, ಮತಸುಧಾರಕನಾದ ಮಾರ್ಟಿನ್ ಲೂಥರನು ಜರ್ಮನ್ ಪಟ್ಟಣಗಳ ಮುಖಂಡರಿಗೆ ಬಹಿರಂಗವಾಗಿ ಬರೆದು, ಊರೂರಿಗೂ ಶಾಲೆಗಳನ್ನು ಕಟ್ಟಬೇಕೆಂದು ಒತ್ತಾಯಪಡಿಸಿದ್ದನು. ದೇವರ ಕರೆಯೆಂಬುದು ಮಠದೊಳಗಿನ ಸನ್ಯಾಸಿಗೆ ಮಾತ್ರ ಬರತಕ್ಕದ್ದಲ್ಲ, ಹೊಲ ಉಳುವವನಿಗೂ ಚಪ್ಪಲಿ ಹೊಲಿಯುವವನಿಗೂ ಮಕ್ಕಳಿಗೆ ಅಕ್ಷರ ಕಲಿಸುವವನಿಗೂ ಬರತಕ್ಕದ್ದು ಎಂಬುದು ಅವನ ಉಪದೇಶದ ತಿರುಳುಗಳಲ್ಲಿ ಒಂದು. ಕನ್ನಡಿಗರಾದ ನಮಗೆ ಇದು ತೀರ ಅಪರಿಚಿತವಾದ ಭಾವನೆಯೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲೇ ನಮ್ಮ ಶರಣರು ಕಾಯಕವನ್ನು ಪೂಜೆಯ ಮಟ್ಟಕ್ಕೆ ಏರಿಸಿದ್ದರಷ್ಟೆ. ಎರಡು ದೇಶಗಳ ಎರಡು ಮತಗಳು ಬೇರೆ ಬೇರೆ ದಾರಿಗಳಲ್ಲಿ ನಡೆದು ಬಂದರೂ ದುಡಿಮೆಯ ಹೊಸ್ತಿಲಲ್ಲಿ ಒಂದನ್ನೊಂದು ಸಂಧಿಸುತ್ತವೆ.

ಇಂತಹ ವಾತಾವರಣದಲ್ಲಿ ಬೆಳೆದ ಮೋಗ್ಲಿಂಗರು ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ದೇವತಾಶಾಸ್ತ್ರವನ್ನು ವ್ಯಾಸಂಗ ಮಾಡಿದರು. ಅವರಿಗಿದ್ದ ವಿದ್ವತ್ತಿಗೆ ತಾಯ್ನಾಡಿನಲ್ಲಿಯೇ ಗೌರವದ ಗುರುಪೀಠವೊಂದು ದೊರೆಯುವುದು ಕಷ್ಟವಾಗಿರಲಿಲ್ಲ. ಆದರೆ ಅವರ ಮನಸ್ಸು ಬೇರೆ ಕಡೆಗೆ ಹರಿದಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ೧೮೧೫ರಲ್ಲಿ ಸ್ಥಾಪಿತವಾಗಿದ್ದ ಮಿಷನ್ ಸಂಸ್ಥೆಯ ಮೂವರು ಪ್ರಚಾರಕರಾದ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬುವರು ೧೮೩೪ರಲ್ಲಿ ಮಂಗಳೂರಿಗೆ ಬಂದು ನೆಲೆಸಿದ್ದರು. ಅವರ ಬೆನ್ನಿಗೆ ೧೮೩೬ರಲ್ಲಿ, ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಮೋಗ್ಲಿಂಗರು ಹಡಗನ್ನೇರಿ ಇತ್ತ ಬಂದರು.

ಪಾಠ ಹೇಳಬೇಕೆಂದು ಬಂದವರು ಮೊದಲು ಪಾಠ ಹೇಳಿಸಿಕೊಳ್ಳಬೇಕಾಯಿತು. ಮಂಗಳೂರಿನ ಬೀದಿಗಳಲ್ಲಿ ತುಳು, ಮನೆಗಳಲ್ಲಿ ಕೊಂಕಣಿ, ಕಚೇರಿಯಲ್ಲಿಯೂ ಐಗಳ ಮಠದಲ್ಲಿಯೂ ಕನ್ನಡ. ಹೀಗೆ ಒಂದೇ ಊರಿನಲ್ಲಿ ಹಲವು ನುಡಿಗಳು ಕೇಳಿಬರುತ್ತಿದ್ದವು. ಕೇರಿ ಕೇರಿಗೂ ಒಂದೊಂದು ಮಾತನ್ನು ಕೇಳುತ್ತ ಬೆಳೆದ ವಯನಾಡಿನ ನಮಗೆ ಆ ಪರದೇಶಿ ತರುಣನ ಗಲಿಬಿಲಿಯನ್ನು ಊಹಿಸುವುದು ಸುಲಭ. ಆಗ ಪರದೇಶದವರು ಕನ್ನಡ ಕಲಿಯಲು ಇದ್ದ ಸಾಧನಗಳಾದರೂ ಎಷ್ಟು? ೧೮೧೭ರಲ್ಲಿ ಅಚ್ಚಾದ ವಿಲಿಯಂ ಕೇರಿಯ ವ್ಯಾಕರಣ, ವಿಲಿಯಂ ರೀವನ ನಿಘಂಟು, ಇಂತಹ ಬೆರಳೆಣಿಕೆಯ ಗ್ರಂಥಗಳು ಮಾತ್ರ. ಉಳಿದುದೆಲ್ಲವೂ ಓಲೆಗರಿಗಳಲ್ಲಿಯೂ ಪಂಡಿತರ ನಾಲಗೆಯ ಮೇಲೆಯೂ ಇದ್ದಿತು. ಮೋಗ್ಲಿಂಗರು ಎರಡನ್ನೂ ಬಿಡಲಿಲ್ಲ. ಪಂಡಿತರಲ್ಲಿ ಗ್ರಂಥಭಾಷೆಯನ್ನೂ ಸಂತೆ ಸಾಲೆಗಳಲ್ಲಿ ಆಡುಮಾತನ್ನೂ ಕಲಿತರು. ಗಾದೆಗಳನ್ನು ಸಾವಿರಗಟ್ಟಲೆ ಕೂಡಿಹಾಕಿದರು. ದಾಸರ ಪದಗಳನ್ನು ಹಾಡುವವರಿಂದ ಕೇಳಿ ಬರೆದುಕೊಂಡರು. ಒಂದು ಜನಾಂಗಕ್ಕೆ ಏನನ್ನಾದರೂ ಕಲಿಸಬೇಕೆನ್ನುವವನು ಆ ಜನಾಂಗವು ಹಾಡುವಾಗ, ನಗುವಾಗ, ಬೈಯುವಾಗ ಬಳಸುವ ಮಾತನ್ನು ಅರಿಯಬೇಕೆಂಬ ತತ್ತ್ವವನ್ನು ಅವರು ಯಾವ ಶಿಕ್ಷಣಶಾಸ್ತ್ರದ ಗ್ರಂಥದಿಂದಲೂ ಕಲಿತಿರಲಿಲ್ಲ; ಅವರ ಕೆಲಸವೇ ಅದನ್ನು ಕಲಿಸಿತು.

ಮಂಗಳೂರಿನಲ್ಲಿ ಮಿಷನ್ನಿನವರ ಶಾಲೆಗಳು ಎರಡು ಬಗೆಯವಾಗಿ ಬೆಳೆದುವು. ಸರಕಾರದ ನೌಕರಿಯನ್ನು ಬಯಸುವ ಮೇಲ್ವರ್ಗದ ಹುಡುಗರಿಗಾಗಿ ಇಂಗ್ಲಿಷ್ ಶಾಲೆ ಒಂದು ಕಡೆ. ಊಟ ವಸತಿಗಳೊಡನೆ ಕನ್ನಡದಲ್ಲಿ ವಿದ್ಯೆ ಕಲಿಸುವ ವಿದ್ಯಾರ್ಥಿನಿಲಯದ ಶಾಲೆ ಇನ್ನೊಂದು ಕಡೆ. ಮೋಗ್ಲಿಂಗರ ಹೃದಯವಿದ್ದದ್ದು ಎರಡನೆಯದರಲ್ಲಿ. ಅಲ್ಲಿ ಅವರು ಗಂಟೆ ಹೊಡೆದೊಡನೆ ಬಂಗಲೆಗೆ ಮರಳುವ ದೊರೆಗಳಂತಿರದೆ ಹುಡುಗರ ನಡುವೆಯೇ ಬಾಳಿದರು. ನಮ್ಮ ದೇಶದ ಗುರುಕುಲದ ಪದ್ಧತಿಯೂ ಇದೇ ಅಲ್ಲವೆ? ಗುರುವಿನ ಮಾತಿಗಿಂತ ಗುರುವಿನ ದಿನಚರಿಯೇ ಶಿಷ್ಯನಿಗೆ ದೊಡ್ಡ ಪಾಠ. ಈ ಶಾಲೆಯ ಕೆಲಸವೇ ಮುಂದೆ ವಿಸ್ತಾರಗೊಂಡು, ೧೮೪೭ರಲ್ಲಿ ಮಂಗಳೂರಿನ ಬಲ್ಮಠದ ಗುಡ್ಡದಲ್ಲಿ ಉಪದೇಶಿಗಳನ್ನು ತರಬೇತುಗೊಳಿಸುವ ದೇವಜ್ಞಾನ ಶಾಲೆಯಾಗಿ ನೆಲೆಗೊಂಡಿತು.

ಶಾಲೆಯ ನಾಲ್ಕು ಗೋಡೆಗಳೊಳಗೆ ಕುಳಿತವರಿಗೆ ಮಾತ್ರ ಪಾಠ ಹೇಳಿದರೆ ಸಾಲದೆಂದು ಮೋಗ್ಲಿಂಗರಿಗೆ ಬೇಗನೆ ತೋರಿತು. ೧೮೪೧ರಲ್ಲಿ ಮಂಗಳೂರಿಗೆ ಕಲ್ಲಚ್ಚಿನ ಯಂತ್ರ ಬಂದಿತ್ತು. ಅಕ್ಷರಗಳನ್ನು ವಿಶೇಷ ಮಸಿಯಿಂದ ಬರೆದು ಕಲ್ಲಿನ ಮೇಲೆ ಇಳಿಸಿ ಅದರಿಂದ ಪ್ರತಿಗಳನ್ನು ತೆಗೆಯುವ ಕ್ರಮವದು. ಅದರ ಸಹಾಯದಿಂದ ೧೮೪೩ನೆಯ ಇಸವಿ ಜುಲೈ ತಿಂಗಳ ಮೊದಲನೆಯ ತಾರೀಖಿನಂದು ಮಂಗಳೂರ ಸಮಾಚಾರವೆಂಬ ಪತ್ರಿಕೆಯನ್ನು ಹೊರಡಿಸಿದರು. ಕನ್ನಡದಲ್ಲಿ ಇದೇ ಮೊದಲನೆಯ ವೃತ್ತಪತ್ರಿಕೆ. ಹದಿನೈದು ದಿನಕ್ಕೊಮ್ಮೆ, ನಾಲ್ಕು ಪುಟಗಳಲ್ಲಿ, ಬಡವನೂ ಕೊಳ್ಳಬಹುದಾದಷ್ಟು ಅಲ್ಪ ಬೆಲೆಗೆ ಅದು ಪ್ರಕಟವಾಗುತ್ತಿತ್ತು. ಊರಿನ ವರ್ತಮಾನ, ಸರಕಾರದ ಅಪ್ಪಣೆಗಳು, ಪರದೇಶಗಳ ಸುದ್ದಿ, ಗಾದೆ, ಹಾಡು, ಕಥೆ ಮೊದಲಾದುವೆಲ್ಲ ಅದರಲ್ಲಿರುತ್ತಿದ್ದುವು. ದೊಡ್ಡವರಿಗಾಗಿ ತೆರೆದ ಒಂದು ಪಾಠಶಾಲೆಯೆಂದೇ ಅದನ್ನು ಕರೆಯಬಹುದು. ಮರು ವರ್ಷ, ಅಚ್ಚುಮೊಳೆಗಳ ಅನುಕೂಲವಿದ್ದ ಬಳ್ಳಾರಿಗೆ ಪತ್ರಿಕೆಯ ಮುದ್ರಣವನ್ನು ವರ್ಗಾಯಿಸಿದಾಗ ಅದು ಕನ್ನಡ ಸಮಾಚಾರವೆಂಬ ಹೆಸರನ್ನು ತಳೆಯಿತು. ಕನ್ನಡ ನಾಡಿನಲ್ಲಿ ಜುಲೈ ಒಂದನ್ನು ಪತ್ರಿಕಾ ದಿನವಾಗಿ ಆಚರಿಸುವುದು ಈ ಉಪಾಧ್ಯಾಯರ ಉದ್ಯಮದ ಸ್ಮರಣೆಗಾಗಿಯೇ.

ಇಷ್ಟರವರೆಗೆ ಹೇಳಿದುದೆಲ್ಲ ಹೊಗಳಿಕೆಗೆ ಸಲ್ಲುವ ಮಾತು. ಆದರೆ ಮಹನೀಯರ ಚರಿತ್ರೆಯನ್ನು ಬರೆಯುವವನು ಕಹಿಯಾದ ಪುಟವನ್ನು ಮಗುಚಿ ಮುಂದಕ್ಕೆ ಹೋಗಬಾರದು. ೧೮೪೪ರ ಜನವರಿ ತಿಂಗಳಲ್ಲಿ ಮಂಗಳೂರನ್ನೇ ಅಲ್ಲೋಲಕಲ್ಲೋಲಗೊಳಿಸಿದ ಪ್ರಸಂಗವೊಂದು ನಡೆಯಿತು. ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯರೆಂಬ ಸಾರಸ್ವತ ಬ್ರಾಹ್ಮಣ ತರುಣರು ತಮ್ಮ ಸಂಗಡಿಗರೊಂದಿಗೆ ಕ್ರೈಸ್ತ ಮತವನ್ನು ಸ್ವೀಕರಿಸಿದರು. ಅವರಿಗೆ ಆಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಊರಿಗೆ ಊರೇ ಕೆರಳಿತು. ಮಿಷನ್ನಿನವರ ಬಂಗಲೆಯ ಸುತ್ತ ಜನ ನೆರೆಯಿತು. ತಂದೆತಾಯಿಗಳು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡು ಹೋದರು. ತುಂಬಿದ್ದ ಶಾಲೆ ಬರಿದಾಯಿತು. ಕೌಂಡಿನ್ಯರು ಮನೆಯವರಿಗೆ ಎರವಾದರು. ಕೈಹಿಡಿದ ಹೆಂಡತಿಯೂ ಅವರೊಡನೆ ಬರಲಿಲ್ಲ.

ಈ ಪ್ರಸಂಗವನ್ನು ಎರಡು ಕಡೆಗಳಿಂದಲೂ ನೋಡಬೇಕಾಗಿದೆ. ಮಗನನ್ನು ವಿದ್ಯೆಗೆಂದು ಕಳುಹಿಸಿ ಮಗನನ್ನೇ ಕಳೆದುಕೊಂಡೆವೆಂದು ಅತ್ತ ಮನೆಯವರ ಸಂಕಟ ಸುಳ್ಳಲ್ಲ. ಮನಸ್ಸಾಕ್ಷಿಗೆ ಓಗೊಟ್ಟು ಸರ್ವಸ್ವವನ್ನೂ ತೊರೆದ ತರುಣನ ಧೈರ್ಯವೂ ಸುಳ್ಳಲ್ಲ. ನಡುವೆ ನಿಂತ ಉಪಾಧ್ಯಾಯರ ಸ್ಥಿತಿ ಏನು? ತಮ್ಮ ಮತವೇ ಸತ್ಯವೆಂಬುದರಲ್ಲಿ ಮೋಗ್ಲಿಂಗರಿಗೆ ಎಳ್ಳಷ್ಟೂ ಸಂದೇಹವಿರಲಿಲ್ಲ. ಅದನ್ನು ಅವರು ಮರೆಮಾಚಿದವರೂ ಅಲ್ಲ. ಈ ದೇಶದ ಆಚಾರ ವಿಚಾರಗಳನ್ನು ಕುರಿತು ಆ ಕಾಲದ ಮಿಷನರಿಗಳು ಆಡಿದ ಮಾತುಗಳಲ್ಲಿ ಕೆಲವು ನಮ್ಮನ್ನು ಇಂದಿಗೂ ನೋಯಿಸುತ್ತವೆ. ಉಪಾಧ್ಯಾಯನ ಮಾತಿಗೆ ಎಳೆಯ ಮನಸ್ಸಿನ ಮೇಲೆ ಎಷ್ಟು ಬಲವಿದೆಯೆಂಬುದನ್ನು ಬಲ್ಲ ನಮ್ಮ ವೃತ್ತಿಯವರು ಈ ಪುಟವನ್ನು ಓದುವಾಗ ಎದೆಯ ಮೇಲೆ ಕೈಯಿಟ್ಟುಕೊಳ್ಳಬೇಕು. ಆ ಬಲವನ್ನು ಎಲ್ಲಿಯವರೆಗೆ ಬಳಸಬಹುದು, ಎಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆ ಅಂದಿಗೆ ಮುಗಿದುದಲ್ಲ. ಯಾವ ಮತದ, ಯಾವ ಪಕ್ಷದ ಉಪಾಧ್ಯಾಯನೂ ಅದಕ್ಕೆ ಹೊರತಾದವನಲ್ಲ.

ಆದರೆ ಮೋಗ್ಲಿಂಗರು ಶಿಷ್ಯನನ್ನು ನಡುನೀರಿನಲ್ಲಿ ಕೈಬಿಡಲಿಲ್ಲ. ಕೌಂಡಿನ್ಯರು ಬಾಸೆಲಿಗೆ ಹೋಗಿ ವ್ಯಾಸಂಗ ಮುಗಿಸಿ ೧೮೫೧ರಲ್ಲಿ ಗುರುದೀಕ್ಷೆ ಪಡೆದು ಮರಳಿದರು. ಬಿಳಿಯರಿಗೆ ಸರಿಸಮಾನವಾದ ಸ್ಥಾನದಲ್ಲಿ ಮಂಗಳೂರಿನ ದೇವಜ್ಞಾನ ಶಾಲೆಯಲ್ಲಿ ಉಪಾಧ್ಯಾಯರಾದರು. ೧೮೯೩ರಲ್ಲಿ ತೀರಿಕೊಳ್ಳುವವರೆಗೂ ಮಿಷನ್ನಿನ ಸೇವೆಯನ್ನು ಬಿಡಲಿಲ್ಲ. ಪರದೇಶೀಯರು ಆಳುತ್ತಿದ್ದ ಆ ಕಾಲದಲ್ಲಿ ಈ ನಾಡಿನ ತರುಣನೊಬ್ಬನನ್ನು ತಮ್ಮ ಸಮಕ್ಕೆ ಕೂರಿಸಿಕೊಳ್ಳುವುದು ಸಣ್ಣ ಮಾತಾಗಿರಲಿಲ್ಲ.

ಶಾಲೆ ಬರಿದಾದ ಆ ದಿನಗಳ ತರುವಾಯ ಮೋಗ್ಲಿಂಗರು ಕೈಗೊಂಡ ಕಾರ್ಯವು ಕನ್ನಡಿಗರೆಲ್ಲರ ಕೃತಜ್ಞತೆಗೆ ಪಾತ್ರವಾದುದು. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದು ಆಮೇಲೆ ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ ಕಾಸಮೇಜರ್ ಎಂಬ ಉದಾರಿಯ ಧನಸಹಾಯದಿಂದ, ಗೋಟ್‌ಫ್ರೀಡ್ ವೈಗಲೆಯೇ ಮೊದಲಾದ ಸಹೋದ್ಯೋಗಿಗಳ ನೆರವಿನೊಡನೆ, ಹಳೆಯ ಕನ್ನಡ ಕಾವ್ಯಗಳ ಓಲೆಪ್ರತಿಗಳನ್ನು ಶೋಧಿಸಿ, ಪಂಡಿತರಿಂದ ಪರಿಷ್ಕರಿಸಿ, ಬಿಬ್ಲಿಯೋಥೆಕಾ ಕರ್ನಾಟಿಕಾ ಎಂಬ ಗ್ರಂಥಮಾಲೆಯಲ್ಲಿ ೧೮೪೮ರಿಂದ ೧೮೫೩ರವರೆಗೆ ಕಲ್ಲಚ್ಚಿನಲ್ಲಿ ಪ್ರಕಟಿಸಿದರು. ಲಕ್ಷ್ಮೀಶನ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದುವು ಈ ಮಾಲೆಯಲ್ಲಿ ಸೇರಿವೆ. ವಿಷ್ಣುವನ್ನೂ ಶಿವನನ್ನೂ ಕೊಂಡಾಡುವ ಈ ಗ್ರಂಥಗಳನ್ನು ಒಬ್ಬ ಕ್ರೈಸ್ತ ಪ್ರಚಾರಕರು ಅಚ್ಚು ಮಾಡಿಸಿದರೆಂದರೆ ಆಶ್ಚರ್ಯವಾಗಬಹುದು. ಜನರ ಮನಸ್ಸನ್ನು ಅರಿಯದೆ ಜನರಿಗೆ ಬೋಧಿಸಲಾಗದು ಎಂಬ ಉದ್ದೇಶವೂ ಅದರ ಹಿಂದೆ ಇದ್ದುದು ದಿಟ. ಆದರೆ ಉದ್ದೇಶವಷ್ಟೇ ಇದ್ದಿದ್ದರೆ ಅಷ್ಟು ವರ್ಷಗಳ ಶ್ರಮವನ್ನು ಯಾರು ಪಡುತ್ತಾರೆ? ತಾಯ್ನಾಡಿಗೆ ಮರಳಿದ ಮೇಲೂ ಅವರು ದಾಸರ ಪದಗಳನ್ನೂ ಜೈಮಿನಿಯ ಭಾಗಗಳನ್ನೂ ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿನ ವಿದ್ವಾಂಸರ ಮುಂದಿಟ್ಟರು. ಕಲಿಸಬಂದವರು ಕಲಿತದ್ದಕ್ಕೆ ಮನಸೋತಿದ್ದರೆಂದೇ ನಾವು ತಿಳಿಯಬೇಕು.

ಇನ್ನು ನಮ್ಮ ನೆರೆಯ ಕೊಡಗಿನ ಕಥೆ. ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ೧೮೩೪ರಲ್ಲಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡಿದ್ದರು. ದೀರ್ಘಕಾಲದ ದುಡಿಮೆಯಿಂದ ಬಳಲಿ ಊರಿಗೆ ಮರಳುವ ಯೋಚನೆಯಲ್ಲಿದ್ದ ಮೋಗ್ಲಿಂಗರನ್ನು ಅಲ್ಮಂಡ ಮನೆತನದ ಸೋಮಯ್ಯ ಎಂಬ ಕೊಡವರು ಮಂಗಳೂರಿನಲ್ಲಿ ಕಂಡು ಕ್ರೈಸ್ತ ಮತಕ್ಕೆ ಸೇರಿದರು. ಸೋಮಯ್ಯನವರನ್ನು ಒಂಟಿಯಾಗಿ ಊರಿಗೆ ಕಳುಹಿಸಲು ಒಪ್ಪದ ಮೋಗ್ಲಿಂಗರು ಪ್ರಯಾಣವನ್ನು ಕೈಬಿಟ್ಟು, ೧೮೫೩ರಲ್ಲಿ ಅವರ ಜೊತೆಗೆ ತಾವೂ ಕೊಡಗಿನ ಬೆಟ್ಟಗಳನ್ನು ಹತ್ತಿದರು. ಮೊದಮೊದಲು ಈ ಕಾರ್ಯಕ್ಕೆ ಮಿಷನ್ನಿನ ಒಪ್ಪಿಗೆಯಾಗಲಿ ಹಣವಾಗಲಿ ಇರಲಿಲ್ಲ. ಒಬ್ಬನೇ ಒಬ್ಬ ಶಿಷ್ಯನಿಗಾಗಿ ಗುರುವು ತನ್ನ ದಾರಿಯನ್ನೇ ಬದಲಿಸಿಕೊಂಡ ನಿದರ್ಶನವಿದು.

ಕೊಡಗಿನಲ್ಲಿ ಗದ್ದೆಯೊಡೆಯರಿಗೆ ತಲೆತಲಾಂತರದಿಂದ ಕಟ್ಟುಬಿದ್ದು ಜೀತದಲ್ಲಿದ್ದ ಹೊಲೆಯರೆಂಬವರ ಸ್ಥಿತಿ ಅವರ ಮನಸ್ಸನ್ನು ಕಲಕಿತು. ಭೂಮಿಯೊಡನೆ ಕೈಬದಲಾಗುತ್ತಿದ್ದ ಆ ಜನರಿಗೆ ಸ್ವಂತ ಮನೆ, ಸ್ವಂತ ದುಡಿಮೆ, ಮಕ್ಕಳಿಗೆ ಅಕ್ಷರ ಇವು ಕನಸಿನ ಮಾತಾಗಿದ್ದುವು. ಅವರಿಗಾಗಿ ಏರ್ಪಟ್ಟುದೇ ಆನಂದಪುರ. ಕಾಡನ್ನು ಕಡಿದು, ನೆಲವನ್ನು ಹದಮಾಡಿ, ಮನೆಗಳನ್ನು ಕಟ್ಟಿಕೊಂಡು, ಪ್ರಾರ್ಥನಾ ಮಂದಿರದೊಡನೆ ಶಾಲೆಯನ್ನೂ ಅಲ್ಲಿ ಇಟ್ಟುಕೊಂಡರು. ಕೌಂಡಿನ್ಯರು ಈ ಕಾರ್ಯಕ್ಕೆ ಧನದಿಂದಲೂ ಬೆಂಬಲವಾಗಿ ನಿಂತರು. ಊರಿನ ಹೆಸರು ಆ ಆನಂದರಾಯರನ್ನೇ ನೆನಪಿಗೆ ತರುತ್ತದೆ. ಊರೇ ತೊರೆದ ಶಿಷ್ಯನ ಹೆಸರು ಯಾರಿಗೂ ಬೇಡವಾದವರ ಊರಿಗೆ ಒಪ್ಪುವ ಹೆಸರಾಯಿತು. ಪಾಟಿಬಳಪಗಳನ್ನು ಹಿಡಿಯುವ ಮೊದಲು ಮಗುವಿನ ಹೊಟ್ಟೆಗೆ ಹಿಟ್ಟೂ ತಲೆಗೆ ಸೂರೂ ಬೇಕೆಂಬುದನ್ನು ಕಾಡಿನಂಚಿನ ಹಾಡಿಗಳ ಮಕ್ಕಳನ್ನು ಬಲ್ಲ ವಯನಾಡಿನ ಉಪಾಧ್ಯಾಯರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಈ ಅವಧಿಯಲ್ಲಿಯೂ ಅವರ ಲೇಖನಿ ಸುಮ್ಮನಿರಲಿಲ್ಲ. ಕೊಡಗಿನ ಜನಜೀವನವನ್ನೂ ಇತಿಹಾಸವನ್ನೂ ಕುರಿತ ಇಂಗ್ಲಿಷ್ ಗ್ರಂಥವನ್ನು ೧೮೫೫ರಲ್ಲಿ ಪ್ರಕಟಿಸಿದರು. ಅವರ ಮಿಷನ್ನಿನವರೇ ಆದ ರಿಖ್ಟರ್ ಎಂಬುವರು ಮಡಿಕೇರಿಯ ಶಾಲೆಯಲ್ಲಿ ದೀರ್ಘಕಾಲ ಮುಖ್ಯೋಪಾಧ್ಯಾಯರಾಗಿದ್ದು, ೧೮೭೦ರಲ್ಲಿ ಕೊಡಗಿನ ಕೈಪಿಡಿಯನ್ನು ಬರೆದು ಅದೇ ಹಾದಿಯನ್ನು ಮುಂದುವರಿಸಿದರು. ಕನ್ನಡ ಸಾಹಿತ್ಯದ ಸೇವೆಗಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ೧೮೫೮ರಲ್ಲಿ ಮೋಗ್ಲಿಂಗರಿಗೆ ಡಾಕ್ಟರ್ ಪದವಿಯನ್ನು ನೀಡಿ ಗೌರವಿಸಿತು. ಕನ್ನಡದ ಕಾರಣದಿಂದ ಯೂರೋಪಿನ ವಿದ್ಯಾಪೀಠವೊಂದು ಅಂತಹ ಗೌರವವನ್ನು ಸಲ್ಲಿಸಿದ್ದು ನಮ್ಮ ನುಡಿಗೂ ಸಂದ ಮನ್ನಣೆಯೇ ಸರಿ. ಎರಡು ವರ್ಷಗಳ ತರುವಾಯ, ೧೮೬೦ರಲ್ಲಿ, ಪತ್ನಿಯ ಅನಾರೋಗ್ಯದ ನಿಮಿತ್ತ ಅವರು ತಾಯ್ನಾಡಿಗೆ ಮರಳಿದರು. ಮತ್ತೆ ಇತ್ತ ಬರುವ ಭಾಗ್ಯ ಅವರಿಗೆ ಒದಗಲಿಲ್ಲ. ೧೮೮೧ನೆಯ ಇಸವಿಯಲ್ಲಿ ಎಸ್ಲಿಂಗೆನ್ ಪಟ್ಟಣದಲ್ಲಿ ದೈವಾಧೀನರಾದರು.

ಅವರು ಬಿತ್ತಿದುದನ್ನು ಬೆಳೆಸಿದವರು ಹಲವರು. ೧೮೫೩ರಲ್ಲಿ ಈ ದೇಶಕ್ಕೆ ಬಂದ ಫರ್ಡಿನೆಂಡ್ ಕಿಟೆಲರು ಸುಮಾರು ೭೦,೦೦೦ ಶಬ್ದಗಳ ಕನ್ನಡ ನಿಘಂಟನ್ನು ೧೮೯೪ರಲ್ಲಿ ಹೊರತಂದರು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಶಾಲೆಗಳಿಗೆ ಬೇಕಾದ ಕನ್ನಡ ಪುಸ್ತಕಗಳು ದಶಕಗಳ ಕಾಲ ಹೊರಬಂದುವು. ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಸಿದ್ಧಪಡಿಸಿದ ಪದ್ಯಪುಸ್ತಕಗಳು ಅಚ್ಚಾದುದೂ ಅಲ್ಲಿಯೇ.

ಮೋಗ್ಲಿಂಗರ ಚರಿತ್ರೆಯಲ್ಲಿ ಗಡಿನಾಡಿನವರಾದ ನಮಗೆ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಅವರ ಆಪ್ತಮಿತ್ರರಲ್ಲಿ ಒಬ್ಬರು ಹೆರ್ಮನ್ ಗುಂಡರ್ಟರು. ಗುಂಡರ್ಟರು ತಲಚೇರಿಯಲ್ಲಿ ನೆಲೆಸಿ ಶಾಲೆಗಳನ್ನು ನಡೆಸಿ, ೧೮೪೭ರಲ್ಲಿ ರಾಜ್ಯಸಮಾಚಾರವೆಂಬ ಮಲೆಯಾಳ ಪತ್ರಿಕೆಯನ್ನು ಹೊರಡಿಸಿ, ೧೮೭೨ರಲ್ಲಿ ಮಲೆಯಾಳದ ಮಹಾನಿಘಂಟನ್ನು ಪ್ರಕಟಿಸಿದರು. ಒಂದೇ ನಾಡಿನಿಂದ ಬಂದ ಗೆಳೆಯರಿಬ್ಬರಲ್ಲಿ ಒಬ್ಬರು ಕನ್ನಡಕ್ಕೆ ದುಡಿದರು, ಇನ್ನೊಬ್ಬರು ಮಲೆಯಾಳಕ್ಕೆ ದುಡಿದರು. ಇಬ್ಬರಲ್ಲಿ ಮೊದಲು ಕಣ್ಮುಚ್ಚಿದವರು ಮೋಗ್ಲಿಂಗರು. ಅವರ ಜೀವನಚರಿತ್ರೆಯನ್ನು ಮರು ವರ್ಷವೇ ಬರೆದು ಪ್ರಕಟಿಸಿದವರು ಗುಂಡರ್ಟರು. ಮಲೆಯಾಳದ ಮಹಾಪಂಡಿತರು ಕನ್ನಡದ ಸೇವಕರ ಚರಿತ್ರೆಯನ್ನು ಬರೆದು ಸ್ನೇಹದ ಋಣವನ್ನು ತೀರಿಸಿದರು. ಮನೆಯಲ್ಲಿ ಕನ್ನಡವನ್ನೂ ಅಂಗಡಿ ಕಚೇರಿಗಳಲ್ಲಿ ಮಲೆಯಾಳವನ್ನೂ ಆಡುವ ನಾವು ಈ ಸ್ನೇಹವನ್ನು ಮರೆಯಲಾಗದು. ಒಂದು ನುಡಿಯನ್ನು ಪ್ರೀತಿಸುವುದಕ್ಕಾಗಿ ಇನ್ನೊಂದನ್ನು ದ್ವೇಷಿಸಬೇಕಾಗಿಲ್ಲ.

ಕೊನೆಯಲ್ಲಿ ನನ್ನ ವೃತ್ತಿಬಾಂಧವರಿಗೂ ತಂದೆತಾಯಿಗಳಿಗೂ ಒಂದು ವಿಜ್ಞಾಪನೆ. ಮೋಗ್ಲಿಂಗರ ಮತವನ್ನು ನಾವು ಒಪ್ಪಬಹುದು, ಒಪ್ಪದಿರಬಹುದು; ಅವರ ಕೆಲವು ನಡೆಗಳನ್ನು ಪ್ರಶ್ನಿಸಲೂಬಹುದು. ಆದರೆ ಪಾಠ ಹೇಳುವುದನ್ನು ಅವರು ಸಂಬಳದ ಕೆಲಸವೆಂದು ಎಣಿಸಲಿಲ್ಲ, ದೇವರು ತಮಗೆ ಒಪ್ಪಿಸಿದ ಕಾರ್ಯವೆಂದು ನಂಬಿ ನಡೆದರು. ಪರದೇಶದವರೊಬ್ಬರು ಸಮುದ್ರವನ್ನು ದಾಟಿ ಬಂದು, ವಯಸ್ಸಿಗೆ ಬಂದ ಮೇಲೆ ಕಲಿತ ಕನ್ನಡವನ್ನು ಗದ್ದೆಯ ಜೀತದ ಮಗುವಿಗೂ ಮುಟ್ಟಿಸಲು ಇಪ್ಪತ್ತನಾಲ್ಕು ವರ್ಷ ದುಡಿದರು. ತಾಯಿಯ ಮೊಲೆಹಾಲಿನೊಡನೆ ಕನ್ನಡವನ್ನು ಪಡೆದ ನಾವು ಅದನ್ನು ನಮ್ಮ ಮನೆಯ ಮಕ್ಕಳಿಗಾದರೂ ಮುಟ್ಟಿಸದಿದ್ದರೆ ಯಾರಿಗೆ ಏನೆಂದು ಉತ್ತರ ಹೇಳೋಣ? ಸಂಜೆ ದೀಪ ಹಚ್ಚಿದ ಮೇಲೆ ಮಗುವನ್ನು ಬಳಿಯಲ್ಲಿ ಕೂರಿಸಿಕೊಂಡು ಒಂದು ಪುಟ ಕನ್ನಡವನ್ನು ಓದಿಸುವ ತಾಯಿಯೂ ಆ ಹಿರಿಯ ಉಪಾಧ್ಯಾಯರ ಸಾಲಿಗೇ ಸೇರಿದವಳು. ಮುಂದೆ ಎಂದಾದರೂ ಕುಟ್ಟದ ದಾರಿಯಾಗಿ ಕೊಡಗಿಗೆ ಹೋಗುವವರು ಆನಂದಪುರದ ಹೆಸರನ್ನು ಕೇಳಿದಾಗ ಮಕ್ಕಳಿಗೆ ಈ ಕಥೆಯನ್ನು ಹೇಳಲಿ, ಕನ್ನಡದಲ್ಲಿಯೇ ಹೇಳಲಿ ಎಂದು ಬೇಡುತ್ತೇನೆ.